ಕೆನ್ನೆಯ ಮೇಲೆ ನಾಲ್ಕು ಬೆರಳು

ಶೀರಾಜಳ ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಕೆಂಪಗೆ, ಉಬ್ಬಿಕೊಂಡು, ಕಿವಿಯ ಹತ್ತಿರದಿಂದ ತುಟಿಯ ಅಂಚಿನವರೆಗೆ. ತೋಳಿನ ಮೇಲೆ ಇಡೀ ಅಂಗೈಯ ಗುರುತು, ಅದರ ತುಂಬ ನೀರುಗುಳ್ಳೆ.

ನನ್ನ ಗಂಡ ನುಮಾನ್ ಮಗಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಹೊಡೆದೆಯಾ, ಸೌಸನ್?"

ಶೀರಾಜಳ ತಾಯಿ ತೀರಿಕೊಂಡ ಮೇಲೆ ಈ ಮನೆ ತುಂಬಿದವಳು ನಾನು. ಮಲತಾಯಿಯನ್ನು ಕೇಳುವ ಮೊದಲ ಪ್ರಶ್ನೆ ಅದೇ ಎಂದು ಗೊತ್ತಿತ್ತು. ಅವನ ಬಾಯಿಂದ ಬರುತ್ತದೆಂದು ಗೊತ್ತಿರಲಿಲ್ಲ.

"ಯಾರೂ ಹೊಡೆದಿಲ್ಲ ಬಾಬಾ" ಎಂದಳು ಶೀರಾಜ್.

"ಹೆದರ್ಕೊಂಡು ಹಾಗಂತಿದೆ ಮಗು" ಎಂದರು ನನ್ನ ಅತ್ತೆ ದೂಜಾ. "ಸಾಕಪ್ಪಾ ಸಾಕು. ಇವಳ ಸೋದರಮಾವನಿಗೆ ಹೇಳಿ ಕಳಿಸ್ತೀನಿ. ತಾಯಿ ಮನೇಲಿ ಬೆಳೀಲಿ, ಜೀವ ಆದ್ರೂ ಉಳಿಯತ್ತೆ."

ನಮ್ಮೂರು ನಬೆಲ್‌ನಲ್ಲಿ ಅದು ಕಹಿ ಕಿತ್ತಳೆ ಹೂ ಬಿಡುವ ಕಾಲ. ಮನೆಮನೆಯಲ್ಲೂ ಹೂನೀರು ಇಳಿಸುತ್ತಾರೆ. ಆ ದಿನಗಳಲ್ಲಿ ತಾಮ್ರದ ಭಟ್ಟಿಗೆ ಹೂವಲ್ಲದೆ ಬೇರೇನೂ ಬೀಳುವಂತಿಲ್ಲ. ಸೊಳ್ಳೆ ಓಡಿಸುವ ಎಣ್ಣೆಗೆಂದು ನಾನು ಅದೇ ಕಿತ್ತಳೆ ಹಣ್ಣಿನ ಸಿಪ್ಪೆ ತಂದಾಗ ಅತ್ತೆ ಭಟ್ಟಿಯ ಮುಂದೆ ಅಡ್ಡ ನಿಂತಿದ್ದರು. "ವರ್ಷವಿಡೀ ಹೂನೀರು ಸಿಪ್ಪೆ ನಾತ ಹೊಡೀಲಿ ಅಂತಲಾ? ಸಿಪ್ಪೆ ಹಿಂಡಿ ಮೈಗೆ ಸವರ್ಕೊಂಡ್ರೆ ಆಯ್ತು. ಅದಕ್ಕೆ ಕಾಲೇಜು ಓದಬೇಕಾ?"

ನಾನು ರಸಾಯನಶಾಸ್ತ್ರ ಕಲಿಸುವ ಶಾಲೆಯ ಗಾಜಿನ ಪಾತ್ರೆಗಳಲ್ಲೇ ಆವಿ ಹಾಯಿಸಿ ಎಣ್ಣೆ ತೆಗೆದೆ. ಸಂಜೆ ಬಾವಿಕಟ್ಟೆಯ ಮೇಲೆ ಕೂತು ಒಂದು ಕೈಗೆ ಹಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು, ಯಾವುದರ ಮೇಲೆ ಎಷ್ಟು ಸೊಳ್ಳೆ ಕೂರುತ್ತವೆಂದು ನೋಡುತ್ತಿದ್ದೆ. ಮೊದಲು ಒಂದೂ ಹತ್ತಿರ ಸುಳಿಯುತ್ತಿರಲಿಲ್ಲ. ಎಣ್ಣೆ ಆರುತ್ತಿದ್ದಂತೆ ಎರಡೂ ಕೈ ಒಂದೇ ಆಗುತ್ತಿತ್ತು. ಪರೀಕ್ಷೆ ಮುಗಿಯದೆ ಮಗುವಿಗೆ ಒಂದು ಹನಿಯನ್ನೂ ಹಚ್ಚಿರಲಿಲ್ಲ.

ಆದರೂ ಓಡಿಹೋಗಿ ನನ್ನ ಎಣ್ಣೆಯ ಸೀಸೆ ನೋಡಿದೆ. ಯಾರೂ ಮುಟ್ಟಿರಲಿಲ್ಲ. ಮತ್ತೆ ಬಂದು ಮಗುವಿನ ಕೈ ಹಿಡಿದೆ. ಅಂಗೈ ಗುರುತಿನ ಕೆಳಗಿನಿಂದ ಒಂದು ಕೆಂಪು ಗೆರೆ ಮಣಿಕಟ್ಟಿನವರೆಗೆ ಇಳಿದು, ತುದಿಯಲ್ಲಿ ಹನಿಯಂತೆ ದುಂಡಗೆ ನಿಂತಿತ್ತು. ಏಟು ಹೀಗೆ ಹರಿಯುವುದಿಲ್ಲ.

"ಮೊನ್ನೆ ಹೂ ಬಿಡಿಸೋಕೆ ಹೋದಾಗ ಮೈಗೆ ಏನಾದ್ರೂ ಹಚ್ಕೊಂಡಿದ್ದೆಯಾ, ಪುಟ್ಟಾ?"

"ಮೀಮಾ ಹಚ್ಚಿದ್ಲು. ಬೆಳಗ್ಗೆ."

ಮೀಮಾ ಎಂದರೆ ಅವಳ ಅಜ್ಜಿ, ನನ್ನ ಅತ್ತೆ.

"ಹೌದು, ಹಚ್ಚಿದೆ" ಎಂದರು ಅತ್ತೆ. "ತೋಟದಲ್ಲಿ ಸೊಳ್ಳೆ ಮುತ್ತಿತ್ತು. ಹಸಿ ಸಿಪ್ಪೆ ಹಿಂಡಿ ಸವರಿದೆ. ನಮ್ಮಮ್ಮ ನಂಗೂ ಸವರ್ತಿದ್ಲು. ನನ್ನ ಮುಖ ಏನು ಸುಟ್ಟು ಹೋಗಿದೆಯಾ?"

"ಯಾವ ಹೊತ್ತಲ್ಲಿ ಸವರ್ತಿದ್ರು, ಉಮ್ಮಿ?" ಎಂದು ಅತ್ತೆಯನ್ನು ಕೇಳಿದೆ.

"ಮಲಗೋ ಮುಂಚೆ. ಇನ್ಯಾವಾಗ?"

ಹೇಳಿದೆ. ಹಿಂಡಿದ ಸಿಪ್ಪೆಯ ಎಣ್ಣೆಯಲ್ಲಿ ಬಿಸಿಲು ತಾಗಿದರೆ ಚರ್ಮ ಸುಡುವ ಅಂಶವಿದೆ. ಭಟ್ಟಿ ಇಳಿಸಿದರೆ ಅದು ಆವಿಯೊಡನೆ ಬರುವುದಿಲ್ಲ, ತಳದಲ್ಲೇ ಉಳಿಯುತ್ತದೆ. ಸುಟ್ಟದ್ದು ಕಾಣಲು ಒಂದೆರಡು ದಿನ ಬೇಕು. ನುಮಾನ್ ನೆಲ ನೋಡುತ್ತಿದ್ದ.

"ಮಾಡಿದ್ದನ್ನ ಮುಚ್ಚೋಕೆ ಎಂಥೆಂಥ ಪಾಠ ಬರತ್ತೆ ನೋಡು ಇವಳಿಗೆ!" ಎಂದರು ಅತ್ತೆ.

ನಾನು ಅಂಗಿಯ ಎರಡೂ ತೋಳು ಮಡಚಿ ಕೈ ಚಾಚಿದೆ. "ಇವಳಿಗೆ ಹೇಗೆ ಸವರಿದ್ರೋ ಹಾಗೇ ಎಡಗೈಗೆ ಸವರಿ. ಬಲಗೈಗೆ ನನ್ನ ಎಣ್ಣೆ. ಏನೂ ಬರದಿದ್ರೆ ಮಗೂನ ಕಳಿಸಿ. ನಾನೂ ಹೊರಡ್ತೀನಿ."

ಮರುದಿನ ಬೆಳಗ್ಗೆ ಅವರು ಸಿಪ್ಪೆ ಹಿಂಡಿ, ಅಂಗೈ ಒತ್ತಿ ಸವರಿದರು. ಮಧ್ಯಾಹ್ನ ಕಳೆಯುವವರೆಗೆ ನಾನು ಅಂಗಳದ ಬಿಸಿಲಲ್ಲಿ ಕೂತೆ.

"ಒಳಗೆ ಬಾರೇ, ಪಕ್ಕದ ಮನೆಯವ್ರು ತಾರಸಿ ಮೇಲಿಂದ ನಗ್ತಿದಾರೆ" ಎಂದರು ಅತ್ತೆ.

"ನಗಲಿ ಬಿಡಿ."

ಮಾರನೆಯ ಬೆಳಗ್ಗೆ ಏನೂ ಕಾಣಲಿಲ್ಲ. ಸಂಜೆಗೆ ಶೀರಾಜಳ ಬಟ್ಟೆಗಳು ಚೀಲ ಸೇರಿ, ಚೀಲ ಬಾಗಿಲ ಬಳಿ ಬಂದಿತ್ತು. ಬೆಳಗಾದರೆ ಅವಳ ಸೋದರಮಾವ ಬರುವುದಿತ್ತು.

ಬೆಳಗಿನ ಜಾವ ಕೈ ಉರಿದು ಎಚ್ಚರವಾಯಿತು. ದೀಪ ಹಾಕಿದೆ. ಏನಾಗುತ್ತದೆಂದು ಗೊತ್ತಿದ್ದೂ ಹೌಹಾರಿದೆ. ಬಲಗೈ ಎಂದಿನಂತಿತ್ತು. ಎಡಗೈಯ ಮೇಲೆ ಯಾರೋ ಬಿಗಿಯಾಗಿ ಹಿಡಿದಂತೆ ಕೆಂಪು ಬೆರಳುಗಳು ಮೂಡಿದ್ದವು.

ಅತ್ತೆ ಅಡುಗೆಮನೆಯಲ್ಲಿ ಭಟ್ಟಿಗೆ ಹೂ ಸುರಿಯುತ್ತಿದ್ದರು. ಕೈ ಮುಂದೆ ಚಾಚಿದೆ. ಅವರು ನೋಡಿದರು. ತಮ್ಮ ಕೈಯನ್ನು ಮೆಲ್ಲಗೆ ಗುರುತಿನ ಮೇಲಿಟ್ಟರು. ಬೆರಳಿಗೆ ಬೆರಳು ಕೂತಿತು. ಬೆಂಕಿ ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡರು.

"ಯಾ ರಬ್ಬಿ, ದೇವರೇ! ಮಗೂನ ನಾನೇ ಹೊಡೆದ ಹಾಗಾಯ್ತಲ್ಲೇ."

ಭಟ್ಟಿಯ ಕೆಳಗೆ ಉರಿ ಏರುತ್ತಿತ್ತು. ಅದನ್ನು ಹಾಗೇ ಬಿಟ್ಟು ಅವರು ಬಾಗಿಲ ಬಳಿ ಕುಸಿದು ಕೂತು, ಚೀಲದಿಂದ ಒಂದೊಂದೇ ಅಂಗಿ ತೆಗೆದು ಮಡಿಲಿಗೆ ಹಾಕಿಕೊಳ್ಳತೊಡಗಿದರು.

ನುಮಾನ್ ಎದ್ದು ಬಂದ. ನನ್ನ ಕೈ ನೋಡಿ ಅಲ್ಲೇ ನಿಂತ. "ಸೌಸನ್..." ಎಂದ. ಮುಂದಿನ ಮಾತು ಬರಲಿಲ್ಲ. ಅವತ್ತು ಹೊಡೆದೆಯಾ ಎಂದು ಕೇಳುವಾಗ ಒಂದು ಕ್ಷಣವೂ ತಡವರಿಸಿರಲಿಲ್ಲ.

ನಾನು ಅಂಗಿಯ ತೋಳು ಕೆಳಗೆ ಎಳೆದುಕೊಂಡೆ. ಅವನ ಹಿಂದಿನಿಂದ ಕಣ್ಣುಜ್ಜುತ್ತ ಬಂದ ಶೀರಾಜ್ ಅದನ್ನು ಮತ್ತೆ ಮೇಲೆ ಸರಿಸಿ, ತನ್ನ ಕೈಯನ್ನು ನನ್ನ ಕೈ ಪಕ್ಕಕ್ಕಿಟ್ಟಳು.

"ನಿಂದೂ ನಂದರ ಹಾಗೇ ಇದೆ" ಎಂದಳು. "ಉರಿಯತ್ತಾ?"