ದೋಣಿ ಜಪ್ತಿಯಾದ ದಿನ

"ಕೆಳಗ ಇಳೀರಿ ಅಕ್ಕಾರ. ದೋಣಿ ಎತ್ತಬೇಕ್ರಿ," ಎಂದ ಮುನಸಿಪಾಲ್ಟಿಯ ಮುಕಾದಮ ತಾತೋಬಾ. ಅವನ ಹಿಂದೆ ಆಳುಗಳು ಹಗ್ಗ ಹಿಡಿದು ನಿಂತಿದ್ದರು. ರಂಕಾಳ ಕೆರೆಯ ದಂಡೆಯಲ್ಲಿ ಎತ್ತಿನ ಗಾಡಿ ಕಾದಿತ್ತು.

ಅಕ್ಕವ್ವ ಇಳಿಯಲಿಲ್ಲ. ಹುಟ್ಟುಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೇ ಇದ್ದಳು.

ಎಳವೆಯಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳ ಕಸುವು ಒಯ್ದಿತ್ತು. ಮನೆಯಲ್ಲಿ ಯಾರಾದರೂ ಎತ್ತಿ ಕೂರಿಸಿದಲ್ಲೇ ಅವಳ ದಿನ ಕಳೆಯಬೇಕು. ಬೆಲ್ಲದ ಅಡತಿ ವ್ಯಾಪಾರಿ ಬಸವಣ್ಣೆಪ್ಪ ಮಗಳಿಗೆಂದು ಈ ದೋಣಿ ಮಾಡಿಸಿದ ಮೇಲೆ, ಸಂಜೆ ಟಾಂಗಾದಲ್ಲಿ ಬಂದು ನೀರಿಗಿಳಿದಳೆಂದರೆ ಅವಳು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಎಲ್ಲಿಗೆ ಹೋಗಬೇಕೆನಿಸಿತೋ ಅಲ್ಲಿಗೆ ಹೋಗುವಳು, ಸಾಕೆನಿಸಿದಲ್ಲಿ ನಿಲ್ಲುವಳು.

ಆದರೆ ೧೯೬೨ರ ಆ ಮಳೆಗಾಲದಲ್ಲಿ ಇನ್ನಾರದೋ ದೋಣಿ ಮಗುಚಿ ಕಾಲೇಜು ಹುಡುಗನೊಬ್ಬ ಮುಳುಗಿದ. ವಿಹಾರದ ಖಾಸಗಿ ದೋಣಿಗಳನ್ನೆಲ್ಲ ಜಪ್ತಿ ಮಾಡಿ ಆಚೆ ದಂಡೆಗೆ ಸಾಗಿಸಬೇಕೆಂದು ಹುಕುಂ ಹೊರಟಿತು.

"ನಾ ಈಗ ಸಾಹೇಬರ ಕಡೆ ಹೊಂಟೆ," ಎಂದು ದಂಡೆಯ ಮೇಲೆ ನಿಂತಿದ್ದ ಬಸವಣ್ಣೆಪ್ಪ ರುಮಾಲು ಸರಿಪಡಿಸಿಕೊಂಡ. "ನನ್ನ ಮಗಳ ದೋಣಿ ಯಾಂವ ಮುಟ್ಟತಾನ ನೋಡೂಣು!"

"ಬ್ಯಾಡ್ರಿ ಅಪ್ಪಾ. ಎಲ್ಲಾರ ದೋಣಿ ಹೋಗಿ ನಮ್ಮದೊಂದು ಉಳದ್ರ, ಆ ಹುಡುಗನ ಅವ್ವನ ಮುಂದ ಹ್ಯಾಂಗ ಹಾದು ಹೋಗೂದು?"

ಬಸವಣ್ಣೆಪ್ಪ ಎತ್ತಿದ ಹೆಜ್ಜೆ ಹಿಂದಕ್ಕಿಟ್ಟ. ಅಕ್ಕವ್ವ ತಾತೋಬಾನ ಕಡೆ ತಿರುಗಿದಳು. "ಸಾಗಸೂ ಅಧಿಕಾರ ನಿಮಗೈತಿ. ಗಾಡ್ಯಾಗನ ಸಾಗಸಬೇಕಂತ ಹುಕುಂ ಐತೇನು?"

"ಹಂಗೇನ್ ಇಲ್ರಿ..."

"ಹಂಗಾರ ಒಳಗ ಬಂದು ಕೂಡ್ರಿ. ನಾನ ತಂದು ಬಿಡ್ತೇನಿ."

ತಾತೋಬಾ ನೀರು ನೋಡಿದ. "ನನಗ ಈಸಾಕ ಬರೂದಿಲ್ರಿ ತಾಯಿ."

"ನನಗೂ ಬರೂದಿಲ್ಲ."

ಅವನು ಚಪ್ಪಲಿ ಕಳಚಿ ಹತ್ತಿದ. ಎರಡೂ ಅಂಚುಗಳನ್ನು ಬಿಗಿಯಾಗಿ ಹಿಡಿದು ಕೂತ. ಬಸವಣ್ಣೆಪ್ಪ ಸುತ್ತಿನ ದಾರಿಯಿಂದ ಆಚೆ ದಂಡೆಗೆ ಟಾಂಗಾ ಹೊಡೆಸಿದ.

ದೋಣಿ ನೀರೊಳಗೆ ನಿಂತ ಸಂಧ್ಯಾಮಠದ ಕಲ್ಲುಕಂಬಗಳನ್ನು ದಾಟಿತು. ನಡುನೀರಿನಲ್ಲಿ ಅಕ್ಕವ್ವನ ಕೈ ತಾನಾಗಿ ನಿಂತಿತು. ಹುಟ್ಟಿನ ತುದಿಯಿಂದ ಹನಿ ಬೀಳುವ ಸದ್ದಷ್ಟೇ ಕೇಳುತ್ತಿತ್ತು.

"ಬೇಕಾರ ಇನ್ನೊಂದ ಸುತ್ತು ಹಾಕ್ರಿ," ಎಂದ ತಾತೋಬಾ, ತಲೆ ತಗ್ಗಿಸಿಯೇ. "ನಾ ಯಾರ ಮುಂದೂ ಅನ್ನೂದಿಲ್ಲ."

"ಬ್ಯಾಡ. ಒಂದು ಹಾಕಿದ್ರ ಮತ್ತೊಂದು ಬೇಕನಸ್ತೈತಿ."

ಆಚೆ ದಂಡೆಯ ಮೆಟ್ಟಿಲುಗಳಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ತಾತೋಬಾ ದೋಣಿಗೆ ಸರಪಳಿ ಹಾಕಿ ಬೀಗ ಜಡಿದ. ಟಾಂಗಾ ಇನ್ನೂ ಬಂದಿರಲಿಲ್ಲ. ಅವಳನ್ನು ಇಳಿಸಲೆಂದು ಕೈ ಚಾಚಿದವನು, ಪರರ ಮನೆಯ ಹೆಣ್ಣುಮಗಳು ಎಂದು ಹಿಂದೆಳೆದುಕೊಂಡ.

ಅಕ್ಕವ್ವ ಅಂಚು ಹಿಡಿದು ನೀರೊಳಗಿನ ಮೆಟ್ಟಿಲಿಗೆ ಮೈ ಜಾರಿಸಿದಳು. ಸೊಂಟದವರೆಗೆ ನೀರು. ಮೆಟ್ಟಿಲಿಗೆ ಅಂಗೈ ಊರಿ, ಒದ್ದೆ ಸೀರೆಯನ್ನೂ ಸತ್ತ ಕಾಲುಗಳನ್ನೂ ಎಳೆದುಕೊಂಡು ಒಂದು ಮೆಟ್ಟಿಲು ಏರಿದಳು. ಉಸಿರು ತೆಗೆದುಕೊಂಡು ಇನ್ನೊಂದು. ಬಟ್ಟೆ ಬಡಿಯುವ ಸದ್ದು ನಿಂತಿತು.

ಕಂಬಳಿ ಒಗೆಯುತ್ತಿದ್ದ ಶೆವಂತಾ ಎಂಬಾಕೆ ಅವಳನ್ನು ದಿಟ್ಟಿಸಿದಳು. ಅಯ್ಯೋ ಎನ್ನಲಿಲ್ಲ. ಒಗೆದ ಬಟ್ಟೆಯ ಗುಡ್ಡೆಯನ್ನು ಆಚೆ ಸರಿಸಿ, "ಇಕಡ ಬಸ ಗ," ಎಂದು ಮರಾಠಿಯಲ್ಲಿ ಕರೆದು, ಕೂರಲು ಪಕ್ಕದ ಜಾಗ ತೋರಿಸಿದಳು.

ಅಕ್ಕವ್ವ ಕೂತಳು. ಸ್ವಲ್ಪ ಹೊತ್ತಿಗೆ ಶೆವಂತಾ ನೆನೆದು ಭಾರವಾದ ಕಂಬಳಿಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇನ್ನೊಂದು ತುದಿ ಹಿಡಿದು ಆಚೆ ಕೂತಳು. ಇಬ್ಬರೂ ತಿರುವಿ ಹಿಂಡಿದರು. ಕಂಬಳಿಯ ಕಪ್ಪು ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತ ಕೆರೆಯ ಕಡೆ ಹೊರಟಿತು.