ಎಡಗಣ್ಣೋ ಬಲಗಣ್ಣೋ

ಮೀನಿನ ಕಣ್ಣು ಊದಿದೆ ಎಂದು ನನ್ನ ಸಾಕುಮೀನಿನ ಅಂಗಡಿಗೆ ಬಂದವರನ್ನೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಒಂದು ಕಣ್ಣೋ, ಎರಡೂ ಕಣ್ಣೋ? ಒಂದೇ ಆದರೆ ಸಾಮಾನ್ಯವಾಗಿ ಎಲ್ಲೋ ಕಲ್ಲಿಗೆ ತಗಲಿಸಿಕೊಂಡಿರುತ್ತದೆ. ನೀರು ಬದಲಿಸಿ, ನಾನು ಕೊಡುವ ಉಪ್ಪು ಅಳತೆಯಲ್ಲಿ ಹಾಕಿ, ಕಾಯಿರಿ ಎನ್ನುತ್ತೇನೆ. ಎರಡೂ ಆದರೆ ಸೋಂಕು ಒಳಗೆ ಹೊಕ್ಕಿದೆ ಎಂದೇ ಹಿಡಿಯಬೇಕು. ಆಗ ಔಷಧಿ ಹೊಟ್ಟೆಗೆ ಹೋಗಬೇಕು, ಅದೂ ಮೀನು ತಿನ್ನುವುದನ್ನು ಬಿಡುವ ಮೊದಲು. ಇಪ್ಪತ್ತೆರಡು ವರ್ಷದಿಂದ ಇದನ್ನೇ ಕೇಳಿ ಕೇಳಿ ನನ್ನ ನಾಲಿಗೆ ಸವೆದಿದೆ. ಕೇಳಿದ್ದಕ್ಕೆ ಉತ್ತರ ಹೇಳದೆ ಮೀನಿನ ಜಾತಕ ಬಿಚ್ಚುವ ಗಿರಾಕಿಗಳನ್ನು ಕಂಡರೆ ಮೈ ಉರಿಯುತ್ತದೆ.

ನಮ್ಮ ಮನೆಯಲ್ಲೂ ಒಂದು ಮೀನಿತ್ತು. ಮುಷ್ಟಿ ಗಾತ್ರದ ಗೋಲ್ಡ್ ಫಿಶ್, ಹೆಸರು ಗುಂಡ. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸಲೆಂದು ಬಿಟ್ಟ ಅಗಲವಾದ ಕಿಂಡಿಯಿತ್ತು. ಅದರಲ್ಲಿ ಅವನ ತೊಟ್ಟಿಯನ್ನು ನಾನೇ ಕೂರಿಸಿದ್ದೆ. ಹಜಾರದ ಕಡೆ ಅಮ್ಮ, ಅಡುಗೆಮನೆಯ ಕಡೆ ನನ್ನ ಹೆಂಡತಿ. ಇಬ್ಬರೂ ಮುಖ ಕೊಟ್ಟು ಮಾತಾಡದೆ ಆರು ವರ್ಷ. ಯಾಕೆ ಎಂದು ಕೇಳಬೇಡಿ, ಈಗ ಅವರಿಗೂ ಸರಿಯಾಗಿ ನೆನಪಿಲ್ಲ. ಅಮ್ಮ ಅಡುಗೆಮನೆಗೆ ಕಾಲಿಡುವುದಿಲ್ಲ, ಹೆಂಡತಿ ಹಜಾರದಲ್ಲಿ ನಿಲ್ಲುವುದಿಲ್ಲ. ಆದರೆ ಗುಂಡನ ಜೊತೆ ಇಬ್ಬರೂ ಮಾತಾಡುತ್ತಿದ್ದರು.

“ಲೋ ಗುಂಡಾ, ಮೈ ಬೆಚ್ಚಗಿದೆ, ಇವತ್ತು ನಂಗೆ ಊಟ ಬೇಡ ಅಂತ ಹೇಳೋ ಅವಳಿಗೆ.”

“ಗುಂಡಾ, ಬಿಸಿನೀರು ಇಟ್ಟಿದೀನಿ, ಹಟ ಮಾಡದೆ ಮಾತ್ರೆ ನುಂಗ್ಲಿ ಅಂತ ಹೇಳು.”

ಕೋಪ, ಕಾಳಜಿ, ಚುಚ್ಚುಮಾತು ಎಲ್ಲವೂ ಆ ನೀರನ್ನು ಹಾದೇ ಹೋಗುತ್ತಿತ್ತು. ಅವನೊಬ್ಬ ಇಲ್ಲವಾದರೆ ಇಬ್ಬರ ನಡುವೆ ಇರುವ ಇಷ್ಟು ಮಾತೂ ನಿಂತುಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ನಾನು ಶೂ ಕಟ್ಟಿಕೊಳ್ಳುತ್ತಿದ್ದಾಗ ಅಮ್ಮ, “ಗುಂಡನ ಎಡಗಣ್ಣು ಊದಿದೆ ಕಣೋ,” ಎಂದಳು.

“ಎಡಗಣ್ಣಲ್ಲ ರೀ, ಬಲಗಣ್ಣು,” ಒಳಗಿನಿಂದ ಹೆಂಡತಿ.

“ನಂಗಿನ್ನೂ ಕಣ್ಣು ಕಾಣ್ಸುತ್ತೆ ಅಂತ ಹೇಳೋ ಗುಂಡಾ.”

“ನಂಗೂ ಎಡ ಯಾವ್ದು ಬಲ ಯಾವ್ದು ಗೊತ್ತು ಅಂತ ಹೇಳು ಗುಂಡಾ.”

ನನಗೆ ನಗು ಬಂತು. ಎದುರುಬದುರು ನಿಂತವರಿಗೆ ಎಡಬಲ ಅದಲುಬದಲಾಗುತ್ತದೆ. ಅಷ್ಟಕ್ಕೂ ಇವರು ಪಟ್ಟು ಬಿಡುವವರಲ್ಲ.

“ಅಂತೂ ಊದಿರೋದು ಒಂದೇ ತಾನೇ?”

“ಒಂದೇ!” ಇಬ್ಬರೂ ಒಟ್ಟಿಗೆ ಕೂಗಿದರು. ಪರವಾಗಿಲ್ಲ, ಒಂದು ವಿಷಯಕ್ಕಾದರೂ ಒಮ್ಮತ ಬಂತಲ್ಲ ಎಂದು ತಮಾಷೆ ಮಾಡಿದೆನೇ ಹೊರತು ಎದ್ದು ನೋಡಲಿಲ್ಲ. ದಿನವಿಡೀ ಮೀನಿನ ಮುಖ ನೋಡುವವನಿಗೆ ಮನೆಯಲ್ಲೂ ಅದೇ ಎಂದರೆ ಬೇಜಾರು. ಸಂಜೆ ಉಪ್ಪಿನ ಪೊಟ್ಟಣ ತಂದುಕೊಟ್ಟು ಅಳತೆ ಹೇಳಿದೆ. ಫಿಲ್ಟರಿನ ಸ್ಪಂಜು ತೊಳೆದು ಎರಡು ತಿಂಗಳಾಗಿತ್ತು, ಭಾನುವಾರ ನೋಡೋಣ ಎಂದುಕೊಂಡೆ.

ನಾಲ್ಕನೇ ದಿನ ಮಧ್ಯಾಹ್ನ ಹೆಂಡತಿ ಅಂಗಡಿಗೆ ಫೋನ್ ಮಾಡಿದಳು. “ರೀ, ಗುಂಡ ನಿನ್ನೆಯಿಂದ ಏನೂ ತಿಂದಿಲ್ಲ. ಬೇಗ ಬನ್ನಿ.” ಗಿರಾಕಿಯನ್ನು ಹೊರಗೆ ಕಳಿಸಿ ಶಟರ್ ಎಳೆದು ಬಂದೆ.

ಗುಂಡ ಫಿಲ್ಟರಿನ ಪಕ್ಕದ ಮೂಲೆಯಲ್ಲಿ ಒಂದು ಮಗ್ಗುಲು ಹಜಾರಕ್ಕೆ, ಇನ್ನೊಂದು ಅಡುಗೆಮನೆಗೆ ಕೊಟ್ಟು ಅಲ್ಲಾಡದೆ ನಿಂತಿದ್ದ. “ಆವತ್ತಿಂದ ಹೀಗೇ ನಿಂತಿದಾನೆ, ಈ ಕಡೆ ತಿರುಗೋದೇ ಇಲ್ಲ,” ಎಂದಳು ಅಮ್ಮ. ಅವಳ ಪಕ್ಕದಲ್ಲಿ ಬಗ್ಗಿ ನೋಡಿದೆ. ಎಡಗಣ್ಣು ಗೋಲಿಯಂತೆ ಹೊರಬಂದು ಮೇಲೆ ಬಿಳಿ ಪೊರೆ ಕಟ್ಟಿತ್ತು. ಅಡುಗೆಮನೆಗೆ ಹೋಗಿ ಹೆಂಡತಿಯ ಪಕ್ಕದಲ್ಲಿ ಬಗ್ಗಿದೆ. ಬಲಗಣ್ಣು. ಅದೂ ಹಾಗೆಯೇ ಊದಿತ್ತು.

ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ಗೋಡೆಯ ಈಚೆಯವಳು ಆಚೆ ಹೋಗಿ ನೋಡಲಿಲ್ಲ, ಆಚೆಯವಳು ಈಚೆ ಬರಲಿಲ್ಲ. ಎರಡೂ ಕಡೆ ಓಡಾಡುವ ಒಬ್ಬನೇ ಒಬ್ಬ, ಇದನ್ನೇ ಕಸುಬು ಮಾಡಿಕೊಂಡವನು, ನಾನು ಶೂ ಕಟ್ಟುತ್ತಾ ನಗುತ್ತಿದ್ದೆ.

ಸ್ಪಂಜು ಹಿಂಡಿದರೆ ಕಪ್ಪು ಗಸಿ ಬಂತು. ಅರ್ಧ ನೀರು ಬದಲಿಸಿದೆ. ಔಷಧಿ ಸವರಿದ ಕಾಳನ್ನು ಚಿಮಟದಲ್ಲಿ ಹಿಡಿದು ಗುಂಡನ ಮೂಗಿನ ಮುಂದೆಯೇ ಬಿಟ್ಟೆ. ಅದು ತುಟಿಗೆ ತಾಕಿ ಕೆಳಗೆ ಬಿತ್ತು. ಇನ್ನೊಂದು ಬಿಟ್ಟೆ, ಅದೂ ಬಿತ್ತು. ನೀರಿಗೂ ಔಷಧಿ ಹಾಕಿದೆ. ಅದು ಕಣ್ಣಿನ ಹಿಂದಿನ ಸೋಂಕನ್ನು ಮುಟ್ಟುವುದು ಕಷ್ಟ ಎಂದು ಗೊತ್ತಿತ್ತು, ಆದರೂ ಕೈಕಟ್ಟಿ ಕೂರಲಾಗದೆ ಹಾಕಿದೆ.

“ತಿನ್ನೋ ಗುಂಡಾ, ಒಂದೇ ಒಂದು ಕಣೋ,” ಅಮ್ಮ ಈಚೆಯಿಂದ. “ಬಾಯಿ ತೆಗಿ ನನ್ನಪ್ಪಾ,” ಹೆಂಡತಿ ಆಚೆಯಿಂದ. ಎರಡು ದಿನ ಇದೇ ನಡೆಯಿತು. ಬದುಕುತ್ತಾನಾ ಎಂದು ಇಬ್ಬರೂ ಬೇರೆ ಬೇರೆಯಾಗಿ ಬಂದು ನನ್ನನ್ನು ಕೇಳಿದರು. ಗಿರಾಕಿಗಳಿಗೆ ಮುಖಕ್ಕೆ ಹೊಡೆದಂತೆ ಹೇಳುವ ನಾನು, ನೋಡೋಣ, ನೋಡೋಣ ಎಂದು ತಡವರಿಸಿದೆ.

ಮೂರನೇ ದಿನ ಬೆಳಿಗ್ಗೆ ಗುಂಡ ಮಗ್ಗುಲಾಗಿ ತೇಲುತ್ತಿದ್ದ. ಬಲೆ ಹಾಕಲು ಮನಸ್ಸಾಗದೆ ಬರಿಗೈಯಲ್ಲೇ ಎತ್ತಿದೆ. ನನಗೆ ಅಳು ಬಂತು, ತಡೆಯಲೂ ಹೋಗಲಿಲ್ಲ. ಹಿತ್ತಲಲ್ಲಿ ಅವನನ್ನು ಹೂತು ಬಂದು ತೊಟ್ಟಿಯ ನೀರು ಬಸಿದೆ, ಗಾಜು ಒರೆಸಿದೆ.

ಒರೆಸಿದ ಗಾಜಿನ ಮೂಲಕ ಅಮ್ಮನಿಗೆ ನನ್ನ ಹೆಂಡತಿಯ ಮುಖ, ಹೆಂಡತಿಗೆ ಅಮ್ಮನ ಮುಖ ನೇರವಾಗಿ ಕಂಡಿತು. ಇಬ್ಬರೂ ಅತ್ತು ಮುಖ ಊದಿಸಿಕೊಂಡಿದ್ದರು. ಈಗಲಾದರೂ ಒಂದು ಮಾತು ಆಡುತ್ತಾರೆ ಎಂದು ಒದ್ದೆ ಬಟ್ಟೆ ಹಿಡಿದುಕೊಂಡೇ ಕಾದೆ.

ಅಮ್ಮ ನನ್ನ ಕಡೆ ತಿರುಗಿದಳು. “ನಾನು ಎಡಗಣ್ಣು ಅಂದಿದ್ದು ಸುಳ್ಳಲ್ಲ ಅಂತ ಹೇಳು ಅವಳಿಗೆ.”

ಅವಳೂ ನನ್ನನ್ನೇ ನೋಡಿದಳು. “ನಾನು ಬಲಗಣ್ಣು ಅಂದಿದ್ದೂ ಸುಳ್ಳಲ್ಲ ಅಂತ ಅವ್ರಿಗೆ ಹೇಳಿ.”

“ಇಬ್ರೂ ಹೇಳಿದ್ದು ನಿಜ. ತಪ್ಪು ನಂದು,” ಎಂದೆ.

ಅದು ಇಬ್ಬರಿಗೂ ಬೇಕಿರಲಿಲ್ಲ. ಒಂದು ತೋಳಿನಷ್ಟೂ ದೂರವಿಲ್ಲದ ಕಡೆ ನಿಂತು, ಗಾಜಿನ ಆಚೆಗೊಬ್ಬಳು ಈಚೆಗೊಬ್ಬಳು, ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಅಮ್ಮನ ಮಾತನ್ನು ಅವಳಿಗೆ ಹೇಳಿದೆ. ಅವಳ ಮಾತನ್ನು ಅಮ್ಮನಿಗೆ ಹೇಳಿದೆ.