ಅಂಚಿನ ಬರಹ

“ಓದಿ ಸಾ. ಈ ಮುದ್ಕ ಮನೇಲಿ ಎಂಥದ್ ಇಟ್ಕಂಡವ್ನೆ ಅಂತ ಎಲ್ರುಗೂ ಗೊತ್ತಾಗ್ಲಿ.”

ಚಲುವರಾಜು ಹಳೆಯ ಪುಸ್ತಕವನ್ನು ನಾಗಾರ್ಜುನನ ಎದೆಗೆ ಒತ್ತಿದ. ಅವನು ಕಾಲೇಜಿನಲ್ಲಿ ಮೇಷ್ಟರಾಗಿದ್ದ ನಾಗಾರ್ಜುನನ ಶಿಷ್ಯನೇ. ಮೇಷ್ಟರಿಗೆ ಉರ್ದು ಬರುತ್ತದೆಂದು ಗೊತ್ತು. ಕಲಿಸಿದವರು ಯಾರೆಂದು ಗೊತ್ತಿಲ್ಲ.

ಕಲಿಸಿದವನು ಎದುರಿಗೇ ಮಣ್ಣಿನಲ್ಲಿ ಬಿದ್ದಿದ್ದ. ಚಿನಕುರಳಿಯ ಕಲ್ಲುಕುಟಿಗ ಪ್ಯಾರೇಜಾನ್. ಹುಬ್ಬು ಒಡೆದು ರಕ್ತ ಗಡ್ಡಕ್ಕೆ ಇಳಿದಿತ್ತು. ಮೂರು ವರ್ಷದಿಂದ ಪ್ರತಿ ಭಾನುವಾರ ಇದೇ ಪುಸ್ತಕ ಹಿಡಿದು ಶ್ರೀರಂಗಪಟ್ಟಣದಲ್ಲಿ ನಾಗಾರ್ಜುನನ ಬಾಡಿಗೆ ಕೋಣೆಗೆ ಪಾಠ ಹೇಳಲು ಬರುತ್ತಿದ್ದ. ಇವತ್ತು ಬರಲಿಲ್ಲವೆಂದು ನಾಗಾರ್ಜುನ ಹುಡುಕಿಕೊಂಡು ಬಂದಿದ್ದ.

“ನೀವೇನ್ ಸಾ ಇತ್ಲಾಗ್ ಬಂದಿದ್ದು?”

“ಹೊಸಹೊಳಲಿಗೆ ಹೊರಟಿದ್ದೆ. ದೇವಸ್ಥಾನ ನೋಡೋಕೆ.”

ಸುಳ್ಳು ಸಲೀಸಾಗಿ ಬಂತು. ಪಾಠ ಹೇಳುವಾಗ ಬಾಯಿ ಇಷ್ಟು ಸಲೀಸಾಗಿ ಆಡಿದ್ದು ಅವನಿಗೆ ನೆನಪಿಲ್ಲ.

ಪುಟದ ನಡುವೆ ಪ್ಯಾರೇಜಾನನ ಮುತ್ತಜ್ಜ ಬರೆದ ಪದ್ಯ. ಸುತ್ತ ಅಂಚಿನಲ್ಲಿ ಓರೆಯಾಗಿ ಅದರ ಅರ್ಥ. ಪುಸ್ತಕ ತಿರುಗಿಸುತ್ತಾ ಅದನ್ನೂ ಓದದಿದ್ದರೆ ಪ್ಯಾರೇಜಾನ್ ಮುಂದಿನ ಪುಟಕ್ಕೆ ಬಿಡುತ್ತಿರಲಿಲ್ಲ. ನಾಗಾರ್ಜುನ ನಡುವಿನದನ್ನು ಮಾತ್ರ ಕನ್ನಡಿಸಿ ಓದಿದ.

“ಕೊನೆಗಾಲಕ್ಕೆ ಉದ್ಧಾರಕ ಮೆಹದಿ ಬರುತ್ತಾನೆ. ಅವನ ಕತ್ತಿಗೆ ದೊರೆಯ ತಲೆ ಉರುಳುತ್ತದೆ. ಊರು ಸುಟ್ಟು ಬೂದಿಯಾಗುತ್ತದೆ.”

“ಕೇಳುದ್ರಾ?” ಎನ್ನುತ್ತಲೇ ಚಲುವರಾಜು ಮುದುಕನ ಪಕ್ಕೆಗೆ ಒದ್ದ. ಉಳಿದವರ ಕಾಲುಗಳೂ ಬಿದ್ದವು. ಒಣಸೌದೆ ಮುರಿದ ಹಾಗೆ ಸದ್ದಾಯಿತು.

“ತಡೀರ್ಲಾ!” ಟೀ ಅಂಗಡಿಯ ಪುಟ್ಟತಾಯಮ್ಮ ಕೂಗಿದಳು. “ಸುತ್ತಾಲೂ ಏನೋ ಬರ್ದದಲ್ಲ, ಅದುನ್ನೂ ಓದ್ಲಿ.”

ಗುಂಪು ಒದೆಯುವುದನ್ನು ನಿಲ್ಲಿಸಿತು. ಅಂಚಿನ ಬರಹ ನಾಗಾರ್ಜುನನಿಗೆ ಬಾಯಿಪಾಠವಾಗಿತ್ತು. ದೊರೆಯೆಂದರೆ ನಿನ್ನ ಅಹಂಕಾರ. ಊರೆಂದರೆ ನಿನ್ನ ಮೈ. ಮೆಹದಿಯನ್ನು ಬೀದಿಯಲ್ಲಿ ಕಾಯಬೇಡ, ಎದೆಯ ಬಾಗಿಲು ತೆಗೆ. ಮೂರು ಮಾತು. ಆಡಿದರೆ ಮುದುಕ ಉಳಿದಾನು. ಆದರೆ ಈ ಕೋಳಿಕಾಲು ಅಕ್ಷರವನ್ನು ಇಷ್ಟು ಸರಾಗವಾಗಿ ಓದುವುದು ಯಾರಿಂದ ಕಲಿತಿರಿ ಎಂದು ಕೇಳಿದರೆ? ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಭಯ ಅದಕ್ಕಿಂತ ದೊಡ್ಡದಿತ್ತು.

“ಅಳಿಸಿಹೋಗಿದೆ,” ಎಂದ.

ಪ್ಯಾರೇಜಾನ್ ತಲೆಯೆತ್ತಿ ನೋಡಿದ.

“ಏನ್ಲಾ ಅಂಗ್ ನೋಡ್ತೀಯ? ಮೇಷ್ಟ್ರು ಗೊತ್ತಾ ನಿಂಗೆ?” ಎಂದು ಚಲುವರಾಜು ಗದರಿದ.

“ನೈ,” ಎಂದು ಮುದುಕ ರಕ್ತ ಉಗಿದ. “ಈ ಮೇಷ್ಟ್ರುನ್ನ ನಾ ನೋಡೇ ಇಲ್ಲ.”

ತನ್ನನ್ನು ಉಳಿಸಿಬಿಟ್ಟನಲ್ಲ ಎಂದು ನಾಗಾರ್ಜುನನಿಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು.

ಇಬ್ಬರು ಪ್ಯಾರೇಜಾನನ ಬಲಗೈಯನ್ನು ಎಳೆದು ಚಪ್ಪಡಿಯ ಮೇಲೆ ಅದುಮಿದರು. ಚಲುವರಾಜು ಕಲ್ಲು ಒಡೆಯುವ ಸುತ್ತಿಗೆ ತಂದು ನಾಗಾರ್ಜುನನ ಕೈಗೆ ಕೊಟ್ಟ.

“ಓದ್ದೋರು ನೀವು. ಮೊದ್ಲೇಟು ನಿಮ್ದೇಯ.”

“ನನಗೆ ಬಸ್ಸಿಗೆ ಹೊತ್ತಾಯ್ತು.”

“ನಿಲ್ಲುಸ್ತೀವಿ ಬುಡಿ ಸಾ ಬಸ್ಸ. ಒಂದೇಟು.”

ಪುಟ್ಟತಾಯಮ್ಮ ಅಂಗಡಿಯ ಬಾಗಿಲು ಎಳೆದುಕೊಂಡಳು. ಯಾರೋ ನಾಗಾರ್ಜುನನ ಬ್ಯಾಗು ಇಸಿದುಕೊಂಡರು. ಯಾರೋ ಅವನ ಕನ್ನಡಕ ಒರೆಸಿಕೊಟ್ಟರು. ಗುಂಪು ಎರಡಾಗಿ ಸರಿದು ದಾರಿ ಬಿಟ್ಟಿತು. ಮುದುಕರು ಹುಡುಗರೆನ್ನದೆ ಎಲ್ಲರೂ, ಎಷ್ಟೋ ಕಾಲದಿಂದ ಬೀದಿಯಲ್ಲಿ ಅವನೊಬ್ಬನಿಗಾಗಿಯೇ ಕಾದಿದ್ದವರಂತೆ, ಕತ್ತು ಚಾಚಿ ನಿಂತಿದ್ದರು.

ಸುತ್ತಿಗೆ ಹಿಡಿದು ನಾಗಾರ್ಜುನ ಅವರ ನಡುವೆ ಚಪ್ಪಡಿಯ ಬಳಿಗೆ ಬಂದ.